ಎಚ್‌ಆರ್‌ಎಂನಲ್ಲಿ 20ಕ್ಕೆ 17 ಬಂತು, ಅಮ್ಮನ ಗ್ರಾಚ್ಯುಟಿ ಲೆಕ್ಕ ಬರಲಿಲ್ಲ. ಮೊದಲ ವರ್ಷ ನಾವು ಕಲಿಯೋದು ಏನು?

ಬೇಗೂರ್_ಬಿಬಿಎ · ಭಾನುವಾರ ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ನಾನು ಬಿಬಿಎ ಮೊದಲ ವರ್ಷ, ಎರಡನೇ ಸೆಮಿಸ್ಟರ್. ಈ ಸಲ ಎಚ್‌ಆರ್‌ಎಂ, ಅಂದ್ರೆ ಮಾನವ ಸಂಪನ್ಮೂಲ ನಿರ್ವಹಣೆ ಪೇಪರ್ ಇದೆ. ಮೊದಲ ಇಂಟರ್ನಲ್ಸ್‌ನಲ್ಲಿ 20ಕ್ಕೆ 17 ಬಂತು. ರಿಕ್ರೂಟ್‌ಮೆಂಟ್‌ಗೂ ಸೆಲೆಕ್ಷನ್‌ಗೂ ಏನು ವ್ಯತ್ಯಾಸ, ಇಂಡಕ್ಷನ್ ಅಂದ್ರೇನು, ಅಪ್ರೈಸಲ್ ವಿಧಾನಗಳು ಯಾವುವು, ಎಲ್ಲ ಬರೆದಿದ್ದೆ.

ನಮ್ಮಮ್ಮ ಬೊಮ್ಮನಹಳ್ಳಿ ಹತ್ರ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ರು. 2013ರ ಡಿಸೆಂಬರ್‌ನಲ್ಲಿ ಸೇರಿದ್ದು. ಬೆನ್ನುನೋವು ಜಾಸ್ತಿಯಾಗಿ 2025ರ ಆಗಸ್ಟ್ ಕೊನೆಗೆ ಬಿಟ್ರು. ಕೊನೇ ತಿಂಗಳ ಸಂಬಳ ಚೀಟಿಯಲ್ಲಿ ಬೇಸಿಕ್, ಡಿಎ ಸೇರಿ 13,000 ಇದೆ. ಗ್ರಾಚ್ಯುಟಿ (ಕೆಲಸ ಬಿಟ್ಟಾಗ ಸೇವೆಗೆ ಅಂತ ಕಂಪನಿ ಕೊಡೋ ದುಡ್ಡು) ಅಂತ 82,500 ಬಂದಿದೆ, ಅದೂ ಕಳೆದ ತಿಂಗಳು. ನಿನ್ನೆ ಊಟ ಬಡಿಸ್ತಾ "ನೀನು ಇದನ್ನೇ ಅಲ್ವಾ ಓದ್ತಿರೋದು, ಸರಿಯಾಗಿ ಕೊಟ್ಟಿದ್ದಾರಾ ನೋಡಿ ಹೇಳು" ಅಂದ್ರು. ಪುಸ್ತಕ ತೆಗೆದೆ. ಗ್ರಾಚ್ಯುಟಿ ಅನ್ನೋದು ಫ್ರಿಂಜ್ ಬೆನಿಫಿಟ್ಸ್ ಪಟ್ಟಿಯಲ್ಲಿ ಐದನೇ ಸಾಲಿನಲ್ಲಿ ಒಂದು ಪದ, ಅಷ್ಟೇ. ಅಮ್ಮನಿಗೆ ಉತ್ತರ ಹೇಳೋಕಾಗಲಿಲ್ಲ.

ಎಲ್ಲ ಕಾಲೇಜಲ್ಲೂ ಹೀಗೇನಾ? ಮೊದಲ ವರ್ಷದವರು ಈ ಪೇಪರ್‌ನಿಂದ ನಿಜವಾಗಿ ಏನು ಕಲಿಬೇಕು?

ಎರಡನೇ_ಬೆಂಚು · 8:52

ನಮ್ಮಲ್ಲೂ ಇದೇ ಕಥೆ. ಡೆಫಿನಿಷನ್ ಬಾಯಿಪಾಠ, ಮಾಸ್ಲೋ ಪಿರಮಿಡ್ ಚಿತ್ರ, ಮುಗೀತು.

ಐಟಿ_ಎಚ್‌ಆರ್_ಅಕ್ಕ · 9:05

ತಂಗಿ, ಬೇಜಾರು ಮಾಡ್ಕೋಬೇಡ. ಮೊದಲ ವರ್ಷದ ಎಚ್‌ಆರ್‌ಎಂ ಪರಿಚಯದ ಪೇಪರ್. ಗ್ರಾಚ್ಯುಟಿ, ಪಿಎಫ್ ಎಲ್ಲ ಮುಂದೆ ಬರುತ್ತೆ, ಕಾರ್ಮಿಕ ಕಾನೂನಿಗೆ ಬೇರೆ ಪೇಪರ್ ಇದೆ. ಈಗ ನೀನು ಕಲಿಬೇಕಾದ್ದು ಜನರನ್ನ ಹೇಗೆ ಆರಿಸ್ತಾರೆ, ಹೇಗೆ ತರಬೇತಿ ಕೊಡ್ತಾರೆ, ಕೆಲಸ ಹೇಗೆ ಅಳೀತಾರೆ ಅನ್ನೋದನ್ನ. ಕಾನೂನು ಈಗಲೇ ತುರುಕಿದ್ರೆ ತಲೆ ಕೆಡುತ್ತೆ.

ನಿನ್ನ ಲೆಕ್ಕ: 13,000ನ 30ರಿಂದ ಭಾಗಿಸಿ 15ರಿಂದ ಗುಣಿಸು, 6,500. ಹನ್ನೊಂದು ವರ್ಷಕ್ಕೆ 71,500. ಅವರು ಜಾಸ್ತಿನೇ ಕೊಟ್ಟಿದ್ದಾರೆ ಅನ್ಸುತ್ತೆ.

ಪೀಣ್ಯ_ಪರ್ಸನಲ್ · 9:21

ಮೇಡಂ, ದಯವಿಟ್ಟು ತಪ್ಪು ಲೆಕ್ಕ ಕೊಡಬೇಡಿ. 30 ಅಲ್ಲ, 26. ನಾನು ಪೀಣ್ಯದಲ್ಲಿ 31 ವರ್ಷ ಪರ್ಸನಲ್ ಡಿಪಾರ್ಟ್‌ಮೆಂಟ್‌ನಲ್ಲಿದ್ದವನು. ಎಚ್‌ಆರ್ ಅನ್ನೋ ಬೋರ್ಡು ಆಮೇಲೆ ಬಂತು.

1972ರ ಗ್ರಾಚ್ಯುಟಿ ಕಾಯ್ದೆ ಪ್ರಕಾರ ಒಂದು ವರ್ಷದ ಸೇವೆಗೆ 15 ದಿನದ ಸಂಬಳ. ತಿಂಗಳ ಸಂಬಳದವರಿಗೆ ಒಂದು ದಿನದ ಸಂಬಳ ಅಂದ್ರೆ ತಿಂಗಳ ಸಂಬಳದಲ್ಲಿ 26ನೇ ಒಂದು ಭಾಗ. ವಾರದ ರಜೆ ಕಳೆದರೆ ಉಳಿಯೋದು ಅಷ್ಟೇ ದಿನ ಅಲ್ವಾ, ಅದಕ್ಕೆ.

ಈಗ ನೋಡಮ್ಮ. 13,000 ಭಾಗಿಸು 26 = 500. ಹದಿನೈದು ದಿನಕ್ಕೆ 7,500. ನಿಮ್ಮಮ್ಮನ ಸೇವೆ 2013 ಡಿಸೆಂಬರ್‌ನಿಂದ 2025 ಆಗಸ್ಟ್, ಅಂದ್ರೆ 11 ವರ್ಷ 8 ತಿಂಗಳು. ಕೊನೆಯಲ್ಲಿ ಉಳಿಯೋ ತಿಂಗಳು ಆರಕ್ಕಿಂತ ಹೆಚ್ಚಿದ್ರೆ ಪೂರ್ತಿ ಒಂದು ವರ್ಷ ಅಂತ ಹಿಡೀಬೇಕು. ಹಾಗಾಗಿ 12 ವರ್ಷ. 7,500 ಗುಣಿಸು 12 = 90,000.

ಅವರು ಕೊಟ್ಟಿರೋದು 82,500. ಸರಿಯಾಗಿ ಹನ್ನೊಂದು ವರ್ಷದ್ದು. ಒಂದು ವರ್ಷ ಬಿಟ್ಟಿದ್ದಾರೆ.

ಇನ್ನೊಂದು ಮಾತು. ಕೊಡಬೇಕಾದ ದಿನದಿಂದ 30 ದಿನದೊಳಗೆ ಕೊಡಬೇಕು. ತಡವಾಗಿದ್ದಕ್ಕೆ ಸರಳ ಬಡ್ಡಿನೂ ಸೇರಿಸಬೇಕು.

ಐಟಿ_ಎಚ್‌ಆರ್_ಅಕ್ಕ · 9:30

ಸರ್, ತಪ್ಪಾಯ್ತು, 26 ಸರಿ. ನಮ್ಮಲ್ಲಿ ಸಾಫ್ಟ್‌ವೇರೇ ಲೆಕ್ಕ ಹಾಕುತ್ತೆ, ಕೈಯಲ್ಲಿ ಮಾಡಿ ವರ್ಷಗಳಾಯ್ತು. ತಂಗಿ, ಕ್ಷಮಿಸು.

ಕಾರ್ಮಿಕ_ಗೆಳೆಯ · 9:34

ನೋಡಿ, ಇದೇ ನಾನು ಹೇಳೋದು. ಎಚ್‌ಆರ್‌ನಲ್ಲಿ ಕೆಲಸ ಮಾಡೋರಿಗೇ ಕೈಲೆಕ್ಕ ಬರಲ್ಲ ಅಂದ್ರೆ ಮಿಷಿನ್ ಮುಂದೆ ಕೂತ ಹೆಣ್ಣುಮಗಳು ಯಾರನ್ನ ಕೇಳಬೇಕು? 7,500 ಅಂದ್ರೆ ಆ ಮನೆಗೆ ಒಂದು ತಿಂಗಳ ಬಾಡಿಗೆ.

ಪುಸ್ತಕದ ಮೊದಲ ಪುಟದಲ್ಲಿ "ಮನುಷ್ಯರೇ ಸಂಸ್ಥೆಯ ಅತಿದೊಡ್ಡ ಆಸ್ತಿ" ಅಂತ ಬರೆದಿರ್ತಾರೆ. ಆಸ್ತಿ ಅಂತ ಕಲಿಸೋ ಮೊದಲು ಆ ಮನುಷ್ಯರಿಗೆ ಏನು ಬರಬೇಕು ಅಂತ ಕಲಿಸಲಿ.

ಮಂಡ್ಯ_ಮೇಷ್ಟ್ರು · 9:58

ನಾನು ಪದವಿ ಕಾಲೇಜಿನಲ್ಲಿ ಇದೇ ವಿಷಯ ಪಾಠ ಮಾಡ್ತೀನಿ, ಅತಿಥಿ ಉಪನ್ಯಾಸಕ. ಎರಡೂ ಕಡೆ ಮಾತು ಕೇಳಿ ಬರೀತಿದ್ದೀನಿ.

ಸಿಲಬಸ್ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ. ಎಚ್‌ಆರ್‌ಎಂ ಅರ್ಥ, ಮಾನವ ಸಂಪನ್ಮೂಲ ಯೋಜನೆ, ಉದ್ಯೋಗ ವಿಶ್ಲೇಷಣೆ, ನೇಮಕಾತಿ, ಆಯ್ಕೆ, ತರಬೇತಿ, ಮೌಲ್ಯಮಾಪನ, ವೇತನ, ಬಡ್ತಿ, ವರ್ಗಾವಣೆ. ಸಿಲಬಸ್ ಕೆಟ್ಟದ್ದಲ್ಲ. ಅದನ್ನ ಯಾವುದೋ ದೂರದ ಕಂಪನಿಯ ಉದಾಹರಣೆ ಕೊಟ್ಟು ಪಾಠ ಮಾಡೋದರಿಂದ ಮಕ್ಕಳಿಗೆ ಹತ್ತಲ್ಲ. ನನ್ನ ತರಗತಿಯಲ್ಲಿ ಅರ್ಧ ಮಕ್ಕಳ ಮನೆಯಲ್ಲಿ ಯಾರಾದರೊಬ್ಬರು ಫ್ಯಾಕ್ಟರಿಯಲ್ಲೋ, ಗಾರ್ಮೆಂಟ್ಸ್‌ನಲ್ಲೋ, ಸಕ್ಕರೆ ಕಾರ್ಖಾನೆಯಲ್ಲೋ ಇದ್ದಾರೆ. ಈ ಸಲ ವೇತನದ ಅಧ್ಯಾಯ ಬಂದಾಗ "ಮನೆಯಿಂದ ಒಂದು ಸಂಬಳ ಚೀಟಿ ತನ್ನಿ, ಹೆಸರಿನ ಮೇಲೆ ಪೇಪರ್ ಅಂಟಿಸಿ" ಅಂದೆ. ಒಬ್ಬ ಹುಡುಗ ಅವರಪ್ಪನ ಚೀಟಿ ತಂದಿದ್ದ, ಮಡಿಸಿ ಮಡಿಸಿ ಮಡಿಕೆಯಲ್ಲಿ ಅಕ್ಷರವೇ ಹೋಗಿತ್ತು. ಅವತ್ತು ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಕುಡ್ಲ_ಕಾಮರ್ಸ್ · 10:10

ಮೇಷ್ಟ್ರೇ, ಇದು ಒಳ್ಳೆಯ ಕ್ರಮ. ನಮ್ಮಲ್ಲಿಯೂ ಮಾಡಬಹುದಿತ್ತು. ಪರೀಕ್ಷೆಯಲ್ಲಿ ಸಂಬಳ ಚೀಟಿ ಕೇಳುವುದಿಲ್ಲ ಅಲ್ಲವಾ, ಹಾಗಾಗಿ ಯಾರೂ ಮುಟ್ಟುವುದಿಲ್ಲ.

ಎರಡನೇ_ಬೆಂಚು · 10:14

ಸರ್, ಹಾಗಾದ್ರೆ ಒಂದು ಡೌಟ್. ನಮ್ಮಣ್ಣನ ಪಿಎಫ್ ಪಾಸ್‌ಬುಕ್‌ನಲ್ಲಿ ಅವನ ಪಾಲು 1,560, ಕಂಪನಿ ಪಾಲು ಬರೀ 477. ಇಬ್ಬರೂ 12% ಹಾಕಬೇಕಲ್ವಾ? ಕಂಪನಿಯವರು ತಿಂದುಬಿಟ್ರಾ?

ಮಂಡ್ಯ_ಮೇಷ್ಟ್ರು · 10:25

ಇಲ್ಲಪ್ಪ. ನಿಮ್ಮಣ್ಣನ ಸಂಬಳ 13,000 ಇರಬೇಕು. ಕಂಪನಿನೂ 1,560 ಹಾಕಿದೆ. ಅದರಲ್ಲಿ ಸಂಬಳದ 8.33%, ಅಂದ್ರೆ 1,083 ಪಿಂಚಣಿ ಖಾತೆಗೆ ಹೋಗುತ್ತೆ, ಮಿಕ್ಕ 477 ಪಿಎಫ್‌ಗೆ. ಪಾಸ್‌ಬುಕ್‌ನಲ್ಲೇ ಪಕ್ಕದ ಕಾಲಂ ನೋಡು, ಪಿಂಚಣಿ ಅಂತ 1,083 ಇರುತ್ತೆ.

ಎರಡನೇ_ಬೆಂಚು · 10:31

ಇದೆ ಸರ್!! ಅಣ್ಣನಿಗೂ ಈಗ ತೋರಿಸಿದೆ. ಒಂದು ವರ್ಷದಿಂದ ಕಂಪನಿಯವರನ್ನ ಬೈಯ್ತಿದ್ದ.

ಧಾರವಾಡ_ಎಂಎಸ್‌ಡಬ್ಲ್ಯು · 10:44

ನಾ ಎಂಎಸ್‌ಡಬ್ಲ್ಯು ಮಾಡಾಕತ್ತೇನಿ, ಎಚ್‌ಆರ್ ಸ್ಪೆಷಲೈಸೇಶನ್. ಬಿಬಿಎದವರಿಗೆ ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನೀವು ಟೇಲರ್, ಮೇಯೋ ಅಂತ ಹೆಸರು ಅಷ್ಟ ಬರ್ದು ಬರ್ತೀರಿ. ಆ ಮಂದಿ ಏನು ಮಾಡಿದ್ರು ಅನ್ನೋದು ಇವತ್ತಿಗೂ ಫ್ಯಾಕ್ಟರಿಯೊಳಗ ಜೀವಂತ ಐತಿ. ಟೇಲರ್ ಪುಸ್ತಕ ಬರ್ದದ್ದು 1911ರಾಗ. ಕೆಲಸಾನ ಸಣ್ಣ ಸಣ್ಣ ತುಂಡು ಮಾಡಿ, ಗಡಿಯಾರ ಹಿಡ್ದು ಒಂದೊಂದು ತುಂಡಿಗೆ ಎಷ್ಟು ಹೊತ್ತು ಬೇಕು ಅಂತ ಅಳ್ದು, ಅದರ ಮ್ಯಾಲೆ ಕೂಲಿ ಕಟ್ಟಿದ. ಗಾರ್ಮೆಂಟ್ಸಿನೊಳಗ ಹೋಗಿ ನೋಡ್ರಿ, ಅದ ನಡದೈತಿ.

ಲೈನ್_ಸೂಪರ್‌ವೈಸರ್ · 11:02

ಧಾರವಾಡದವರು ಹೇಳಿದ್ದು ನಿಜ. ನಾನು ಹೆಲ್ಪರ್ ಆಗಿ ಸೇರಿ, ಟೈಲರ್ ಆಗಿ, ಈಗ ಲೈನ್ ನೋಡ್ಕೋತೀನಿ. ನಮ್ಮಲ್ಲಿ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ಹುಡುಗರು ಸ್ಟಾಪ್‌ವಾಚ್ ಹಿಡ್ಕೊಂಡು ಬೆನ್ನ ಹಿಂದೆ ನಿಲ್ತಾರೆ. ಕಾಲರ್ ಕೂರಿಸೋಕೆ ಅರ್ಧ ನಿಮಿಷ ಅಂತ ಬರ್ಕೊಂಡ್ರೆ ಗಂಟೆಗೆ 120 ಪೀಸ್ ಟಾರ್ಗೆಟ್ ಆಯ್ತು. ದಾರ ತುಂಡಾಗೋದು, ಸೂಜಿ ಮುರಿಯೋದು, ಬಾಬಿನ್ ಬದಲಾಯಿಸೋದಕ್ಕೆ ಸ್ವಲ್ಪ ಸೇರಿಸ್ತಾರೆ, ಸಾಕಾಗಲ್ಲ. ಟೈಮ್ ನೋಡುವಾಗ ಯಾರಾದರೂ ನಿಂತಿದ್ದಾರೆ ಅಂತ ಹೆಣ್ಣುಮಕ್ಕಳು ಹೆದರಿ ಜೋರಾಗಿ ಹೊಲೀತಾರೆ, ಅದೇ ಜೋರು ಎಂಟು ಗಂಟೆ ಬೇಕು ಅಂತಾರೆ. ನಾನು ಐಇಗೆ ಹೇಳ್ತೀನಿ, ಬೆಳಗ್ಗೆ ಒಂದ್ಸಲ ನೋಡು, ಮಧ್ಯಾಹ್ನ ಮೂರು ಗಂಟೆಗೆ ಇನ್ನೊಂದ್ಸಲ ನೋಡು ಅಂತ.

ಎಚ್‌ಆರ್ ಓದೋ ಮಕ್ಕಳು ಒಂದು ದಿನ ಲೈನ್‌ನಲ್ಲಿ ನಿಂತು ನೋಡಬೇಕು.

ಮಂಡ್ಯ_ಮೇಷ್ಟ್ರು · 11:15

ಅಕ್ಕ, ನೀವು ಈಗ ಹೇಳಿದ್ದು ಹಾಥಾರ್ನ್ ಪಾಠದ ಇನ್ನೊಂದು ಮುಖ. ಯಾರೋ ಗಮನಿಸ್ತಿದ್ದಾರೆ ಅಂದ್ರೆ ಜನ ಬೇರೆ ರೀತಿ ಕೆಲಸ ಮಾಡ್ತಾರೆ ಅಂತ ನಾವು ಕಲಿಸ್ತೀವಲ್ಲ, ಅದೇ.

ಕುಡ್ಲ_ಕಾಮರ್ಸ್ · 11:22

ಹಾಥಾರ್ನ್ ಅಂದರೆ ಎಲ್ಟನ್ ಮೇಯೋ ದೀಪದ ಬೆಳಕು ಹೆಚ್ಚುಕಡಿಮೆ ಮಾಡಿ ನೋಡಿದ್ದು, ಅಲ್ಲವಾ? ನಮ್ಮ ನೋಟ್ಸ್‌ನಲ್ಲಿ ಹಾಗೆ ಉಂಟು.

ಧಾರವಾಡ_ಎಂಎಸ್‌ಡಬ್ಲ್ಯು · 11:36

ಹಂಗಲ್ಲ ರೀ. ಶಿಕಾಗೋ ಬಾಜೂಕ ಇದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಕಾರ್ಖಾನೆ ಅದು. ದೀಪದ ಪ್ರಯೋಗ ಶುರು ಆಗಿದ್ದು 1924ರಾಗ, ಮೇಯೋ ಬಂದದ್ದು ಆಮ್ಯಾಲೆ, 1928ರ ಸುಮಾರಿಗೆ. ನಡುವ ಟೆಲಿಫೋನಿನ ರಿಲೇ ಅನ್ನೋ ಬಿಡಿಭಾಗ ಜೋಡಿಸೋ ಹೆಣ್ಣುಮಕ್ಕಳನ್ನ ಬ್ಯಾರೆ ಖೋಲಿಯೊಳಗ ಕುಂಡ್ರಿಸಿ, ವಿಶ್ರಾಂತಿ ಹೊತ್ತು, ಕೂಲಿ ಎಲ್ಲಾ ಬದಲಿ ಮಾಡಿ ನೋಡಿದ್ರು. ಉತ್ಪಾದನೆ ಏರ್ತು. ಖರೆ, ಆದ್ರ ಮುಂದಿನದು ಪುಸ್ತಕದಾಗ ಇರಂಗಿಲ್ಲ. ಭಾಳ ಮಾತಾಡ್ತಾರ, ಸರಿಯಾಗಿ ಸಹಕರಿಸಂಗಿಲ್ಲ ಅಂತ ಇಬ್ಬರನ್ನ ತಗದು ಬ್ಯಾರೆಯವರನ್ನ ಹಾಕಿದ್ರು. ದೀಪದ ಪ್ರಯೋಗದ ಹಳೇ ಅಂಕಿಗಳನ್ನ 2011ರಾಗ ಇಬ್ಬರು ಅರ್ಥಶಾಸ್ತ್ರಜ್ಞರು ಮತ್ತ ಕೂಡಿಸಿ ಕಳದು ನೋಡಿದಾಗ, ನಾವು ಓದಿದಷ್ಟು ದೊಡ್ಡ ಪರಿಣಾಮ ಕಾಣಲಿಲ್ಲ.

ಹಿಂಗ ಪ್ರಶ್ನೆ ಕೇಳೋದನ್ನ ಮೊದಲ ವರ್ಷದಾಗ ಕಲಿಸಿದ್ರ ಸಾಕು.

ಐಟಿ_ಎಚ್‌ಆರ್_ಅಕ್ಕ · 11:50

ಇಬ್ಬರನ್ನ ಬದಲಾಯಿಸಿದ್ದು ನನಗೂ ಗೊತ್ತಿರಲಿಲ್ಲ. ಎಂಬಿಎನಲ್ಲೂ ಹೇಳಿಕೊಡಲಿಲ್ಲ.

ಆದ್ರೂ ನನ್ನ ಮಾತು ಪೂರ್ತಿ ಬಿಡಲ್ಲ. ಎಚ್‌ಆರ್ ಅಂದ್ರೆ ಬರೀ ಕಾಯ್ದೆ ಪುಸ್ತಕ ಅಲ್ಲ. ಹೊಸದಾಗಿ ಸೇರಿದ ಹುಡುಗಿ ಮೊದಲ ದಿನ ಯಾರ ಹತ್ರ ಊಟಕ್ಕೆ ಕೂರಬೇಕು ಅಂತ ಗೊತ್ತಾಗದೆ ವಾಷ್‌ರೂಮಿನಲ್ಲಿ ನಿಂತಿದ್ದನ್ನ ನೋಡಿದೀನಿ. ಇಂಡಕ್ಷನ್ ಅನ್ನೋ ಪಾಠ ಅದಕ್ಕೇ ಇರೋದು. ಒಬ್ಬ ಮ್ಯಾನೇಜರ್‌ಗೆ ತನ್ನ ಊರಿನವರು ಅಂದ್ರೆ ಎಲ್ಲದರಲ್ಲೂ ಒಳ್ಳೇ ರೇಟಿಂಗ್ ಕೊಡೋ ಅಭ್ಯಾಸ ಇತ್ತು. ಪಕ್ಷಪಾತ ಅನ್ನೋ ಪಾಠ ಓದಿದ್ದಕ್ಕೇ ನಾನು ಅದನ್ನ ಹಿಡಿದೆ. ಮೆತ್ತಗಿನ ಅಧ್ಯಾಯಗಳು ಅಂತ ಇವನ್ನ ತಳ್ಳಿಹಾಕಬೇಡಿ.

ಕಾರ್ಮಿಕ_ಗೆಳೆಯ · ಸೋಮವಾರ ಬೆಳಗ್ಗೆ 7:10

ತಳ್ಳಿಹಾಕ್ತಿಲ್ಲ ಅಕ್ಕ. ಲೆಕ್ಕ ತಪ್ಪಿದ್ರೆ ಮಿಕ್ಕಿದ್ದೆಲ್ಲ ನಿಲ್ಲಲ್ಲ ಅಂತಿದ್ದೀನಿ.

ಕೋಲಾರದ ನರಸಾಪುರ ನೆನಪಿದೆಯಾ? 2020ರ ಡಿಸೆಂಬರ್ 12. ಐಫೋನ್ ಜೋಡಿಸ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಲಾಟೆಯಾಗಿ ಗಾಜು, ಯಂತ್ರ ಪುಡಿಪುಡಿ. ಆಮೇಲೆ ಕಾರ್ಖಾನೆಗಳ ಇಲಾಖೆ ವರದಿಯಲ್ಲಿ ಬಂದಿದ್ದೇನು? ಸ್ವಲ್ಪ ಸಮಯದಲ್ಲೇ ಕೆಲಸಗಾರರು ಸುಮಾರು 5,000ದಿಂದ 10,500ಕ್ಕೆ ಏರಿದ್ರು, ಅಷ್ಟು ಜನರನ್ನ ನೋಡ್ಕೊಳ್ಳೋ ಎಚ್‌ಆರ್ ವಿಭಾಗ ಸರಿಯಾಗಿ ಕಟ್ಟಿರಲಿಲ್ಲ, ಹಾಜರಿ, ಓಟಿ ಲೆಕ್ಕ ಸರಿಯಿರಲಿಲ್ಲ. ಆ್ಯಪಲ್ ಕೂಡ ಆ ಕಂಪನಿಗೆ ಹೊಸ ಕೆಲಸ ಕೊಡೋದನ್ನ ಕೆಲ ಕಾಲ ತಡೆಹಿಡೀತು. ಮಾನವ ಸಂಪನ್ಮೂಲ ಯೋಜನೆ ಅಧ್ಯಾಯಕ್ಕೆ ಇದಕ್ಕಿಂತ ಉದಾಹರಣೆ ಬೇಕಾ? ಗಲಾಟೆ ಸರಿ ಅಂತ ನಾನು ಹೇಳ್ತಿಲ್ಲ. ಹಾಜರಿ ಯಂತ್ರ ತಪ್ಪು ತೋರಿಸಿದಾಗ ಕೇಳೋಕೆ ಒಂದು ಕಿಟಕಿ ಇರಬೇಕಿತ್ತು.

ಬೇಗೂರ್_ಬಿಬಿಎ · 7:45

ಇಷ್ಟೊಂದು ಜನ ಬರೀತೀರ ಅಂತ ಅಂದ್ಕೊಂಡಿರಲಿಲ್ಲ. ಪೀಣ್ಯ ಸರ್ ಲೆಕ್ಕ ರಾತ್ರಿನೇ ಅಮ್ಮನಿಗೆ ತೋರಿಸಿದೆ. ಅಮ್ಮ ಬೆರಳು ಮಡಚಿ ಅವರೇ ಮತ್ತೊಂದ್ಸಲ ಎಣಿಸಿದ್ರು. ಆಮೇಲೆ 2016ರ ಏಪ್ರಿಲ್ ಕಥೆ ಹೇಳಿದ್ರು. ಪಿಎಫ್‌ನಲ್ಲಿ ಕಂಪನಿ ಪಾಲು 58 ವರ್ಷದವರೆಗೂ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ಆದೇಶ ಮಾಡಿತ್ತಂತೆ. ಅಮ್ಮನ ಲೈನ್‌ನವರೆಲ್ಲ ಮಿಷಿನ್ ಆಫ್ ಮಾಡಿ ಹೊಸೂರು ರಸ್ತೆಗೆ ಬಂದು ಕೂತಿದ್ರಂತೆ. ಎರಡನೇ ದಿನ ಆದೇಶ ವಾಪಸ್ ಆಯ್ತು. "ಚಪ್ಪಲಿ ಕಿತ್ತುಹೋಗಿ ಬರಿಗಾಲಲ್ಲಿ ಮನೆಗೆ ಬಂದೆ, ನೀನಾಗ ತುಂಬಾ ಚಿಕ್ಕವಳು" ಅಂದ್ರು. ನನಗೆ ಇದು ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಇವತ್ತು ಕ್ಲಾಸ್ ಮುಗಿಸಿ ಅಮ್ಮನ ಜತೆ ಫ್ಯಾಕ್ಟರಿಗೆ ಹೋಗ್ತೀನಿ.

ಲೈನ್_ಸೂಪರ್‌ವೈಸರ್ · 7:52

ಆ ದಿನ ನಾನೂ ಇದ್ದೆ ಕಣಮ್ಮ. ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು.

ಕುಡ್ಲ_ಕಾಮರ್ಸ್ · 8:20

ಒಂದು ಸಂಶಯ. ಈಗ ಹಳೆಯ ಕಾರ್ಮಿಕ ಕಾಯ್ದೆಗಳೆಲ್ಲ ಹೋಗಿ ನಾಲ್ಕು ಸಂಹಿತೆ (ಲೇಬರ್ ಕೋಡ್) ಬಂದಿದೆಯಲ್ಲ? ಗ್ರಾಚ್ಯುಟಿ ಒಂದೇ ವರ್ಷಕ್ಕೆ ಸಿಗುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು. ಇವರಿಗೆ ಯಾವುದು ಅನ್ವಯ?

ಪೀಣ್ಯ_ಪರ್ಸನಲ್ · 8:41

ಒಳ್ಳೇ ಪ್ರಶ್ನೆ. 29 ಕಾಯ್ದೆ ಸೇರಿಸಿ ಮಾಡಿದ ನಾಲ್ಕು ಸಂಹಿತೆ ಜಾರಿಗೆ ಬಂದಿದ್ದು 2025ರ ನವೆಂಬರ್ 21ಕ್ಕೆ. ಈ ತಾಯಿ ಕೆಲಸ ಬಿಟ್ಟಿದ್ದು ಆಗಸ್ಟ್‌ನಲ್ಲಿ, ಹಾಗಾಗಿ ಹಳೇ ಕಾಯ್ದೆ. 15 ದಿನ, 26 ಅನ್ನೋ ಸೂತ್ರ ಹೊಸದರಲ್ಲೂ ಅದೇ.

ಒಂದು ವರ್ಷ ಅನ್ನೋದು ಎಲ್ಲರಿಗೂ ಅಲ್ಲ. ಇಷ್ಟು ಅವಧಿಗೆ ಅಂತ ಒಪ್ಪಂದ ಮಾಡ್ಕೊಂಡು ತಗೊಂಡ ಕೆಲಸಗಾರರಿಗೆ ಮಾತ್ರ. ಕಾಯಂ ಇರೋರಿಗೆ ಐದು ವರ್ಷವೇ. ಇನ್ನೊಂದು ಬದಲಾವಣೆ ಎಂದರೆ ಒಟ್ಟು ಸಂಬಳದಲ್ಲಿ ಭತ್ಯೆಗಳು ಅರ್ಧಕ್ಕಿಂತ ಹೆಚ್ಚಾದ್ರೆ, ಆ ಹೆಚ್ಚಿನ ಭಾಗನೂ ವೇತನ ಅಂತಲೇ ಹಿಡೀತಾರೆ. ಬೇಸಿಕ್ ಕಡಿಮೆ ತೋರಿಸಿ ಉಳಿಸೋ ದಾರಿ ಕಿರಿದಾಯ್ತು. ವೆಲ್ಫೇರ್ ಆಫೀಸರ್ 500 ಜನಕ್ಕೆ ಕಡ್ಡಾಯ ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲಿತ್ತು, ಈಗ 250ಕ್ಕೇ ಕಡ್ಡಾಯ. ಓದೋ ಮಕ್ಕಳಿಗೆ ಇದರಲ್ಲಿ ಕೆಲಸವೂ ಇದೆ.

ಎರಡನೇ_ಬೆಂಚು · 8:50

ನಮ್ಮ ಪುಸ್ತಕದಲ್ಲಿ ಇನ್ನೂ 500 ಅಂತಾನೇ ಇದೆ. ಪರೀಕ್ಷೆಲಿ ಯಾವುದು ಬರೀಲಿ?

ಮಂಡ್ಯ_ಮೇಷ್ಟ್ರು · 8:58

ಎರಡೂ ಬರಿ, ಯಾವ ಕಾಯ್ದೆ, ಯಾವ ವರ್ಷ ಅಂತ ನಮೂದಿಸಿ ಬರಿ. ನಾನಾದರೆ ಪೂರ್ತಿ ಅಂಕ ಕೊಡ್ತೀನಿ.

ಬೇಗೂರ್_ಬಿಬಿಎ · ರಾತ್ರಿ 7:30

ಹೋಗಿ ಬಂದ್ವಿ. ಗೇಟ್‌ನಲ್ಲಿ ಮುಕ್ಕಾಲು ಗಂಟೆ ಕೂರಿಸಿದ್ರು. ಆಮೇಲೆ ಟೈಮ್ ಆಫೀಸಿನವರು ಕಂಪ್ಯೂಟರ್ ನೋಡಿ, "ಇವರು ಸೇರಿದ ದಿನ 2014ರ ಜೂನ್ 9, ಅದಕ್ಕೆ ಮುಂಚಿನ ಆರು ತಿಂಗಳು ಟ್ರೈನಿಂಗ್, ಅದು ಸೇವೆಗೆ ಬರಲ್ಲ. ಹನ್ನೊಂದು ವರ್ಷ ಎರಡು ತಿಂಗಳೇ ಆಗೋದು, ಲೆಕ್ಕ ಸರಿ ಇದೆ" ಅಂದ್ರು. ಅಪಾಯಿಂಟ್‌ಮೆಂಟ್ ಆರ್ಡರ್‌ನಲ್ಲೂ ಜೂನ್ ಅಂತಲೇ ಇದೆ. ಅಮ್ಮ "ಮೊದಲ ವಾರ ಮಾತ್ರ ಬಟ್ಟೆ ಚೂರು ಹೊಲಿಸಿದ್ರು, ಎರಡನೇ ವಾರದಿಂದ ಲೈನ್‌ನಲ್ಲೇ ಇದ್ದೆ" ಅಂದ್ರೂ ಕೇಳಲಿಲ್ಲ. ವಾಪಸ್ ಬಂದ್ವಿ.

ಐಟಿ_ಎಚ್‌ಆರ್_ಅಕ್ಕ · 7:42

ಅಯ್ಯೋ. ಟ್ರೈನಿ ಅವಧಿ ಸಾಮಾನ್ಯವಾಗಿ ಸೇರಿಸಲ್ಲ ಕಣೆ, ಅಲ್ಲಿಗೆ ಮುಗೀತು ಅನ್ಸುತ್ತೆ.

ಪೀಣ್ಯ_ಪರ್ಸನಲ್ · 8:03

ಮುಗಿದಿಲ್ಲ. ಕಾಯ್ದೆ ಹೊರಗಿಡೋದು ಅಪ್ರೆಂಟಿಸ್‌ರನ್ನ. ಟ್ರೈನಿ ಅಂತ ಹೆಸರಿಟ್ಟ ಮಾತ್ರಕ್ಕೆ ಅಪ್ರೆಂಟಿಸ್ ಆಗಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಕೆಳಗೆ ಒಪ್ಪಂದ ಬರೆಸಿ ನೋಂದಾಯಿಸಿರಬೇಕು. ಆ ಕಾಗದ ತೋರಿಸಿ ಅಂತ ಕೇಳಬೇಕಿತ್ತು.

ಈಗ ಒಂದು ಕೆಲಸ ಮಾಡಮ್ಮ. ನಿಮ್ಮಮ್ಮನ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕಾರ್ಡ್ ಹುಡುಕು. ನೋಂದಣಿ ದಿನಾಂಕ ನೋಡು. ಆ ಆರು ತಿಂಗಳ ಸಂಬಳ ಚೀಟಿ ಒಂದಾದರೂ ಸಿಕ್ಕರೆ ಅದರಲ್ಲಿ ಇಎಸ್‌ಐ, ಪಿಎಫ್ ಕಡಿತ ಆಗಿದೆಯಾ ನೋಡು. ಅಪ್ರೆಂಟಿಸ್ ಕಾಯ್ದೆಯವರಿಗೆ ಇಎಸ್‌ಐ, ಪಿಎಫ್ ಅನ್ವಯಿಸಲ್ಲ. ಡಿಸೆಂಬರ್‌ನಿಂದಲೇ ಕಡಿತ ಮಾಡಿದ್ದಾರೆ ಅಂದ್ರೆ ಅವತ್ತಿನಿಂದಲೇ ಅವರು ನೌಕರಳು ಅಂತ ಕಂಪನಿಯೇ ಸರ್ಕಾರಕ್ಕೆ ಬರೆದುಕೊಟ್ಟ ಹಾಗಾಯ್ತು.

ಕಾರ್ಮಿಕ_ಗೆಳೆಯ · 8:09

ಸರ್, ಇದು ಪಾಯಿಂಟ್. ನೂರಾರು ಹೆಣ್ಣುಮಕ್ಕಳ ಆರ್ಡರ್‌ನಲ್ಲಿ ಹೀಗೇ ಆರು ತಿಂಗಳು ಹಿಂದೆ ಮುಂದೆ ಇರುತ್ತೆ.

ಬೇಗೂರ್_ಬಿಬಿಎ · 9:26

ಸಿಕ್ತು!! ಅಕ್ಕಿ ಡಬ್ಬದ ಹಿಂದೆ ಅಮ್ಮ ಒಂದು ಸೀರೆ ಅಂಗಡಿ ಕವರ್‌ನಲ್ಲಿ ಎಲ್ಲ ಇಟ್ಟಿದ್ರು. ಇಎಸ್‌ಐ ನೋಂದಣಿ 9-12-2013. 2014ರ ಫೆಬ್ರವರಿ, ಮಾರ್ಚ್ ಎರಡು ಸಂಬಳ ಚೀಟಿನೂ ಇವೆ, ಅಕ್ಷರ ಮಾಸಿದೆ, ಆದ್ರೆ ಇಎಸ್‌ಐ, ಪಿಎಫ್ ಎರಡೂ ಕಡಿತ ಆಗಿರೋದು ಓದೋಕಾಗುತ್ತೆ. ಹುದ್ದೆ ಅನ್ನೋ ಜಾಗದಲ್ಲಿ "ಟೈಲರ್" ಅಂತಲೇ ಇದೆ.

ಪೀಣ್ಯ_ಪರ್ಸನಲ್ · 9:40

ಇಷ್ಟು ಸಾಕು. ಮೊದಲು ಕಂಪನಿಗೆ ಕಾಗದದಲ್ಲಿ ಬರೆದುಕೊಡು: ಸೇರಿದ ದಿನ, ಬಿಟ್ಟ ದಿನ, ಕೊನೆಯ ಸಂಬಳ, ಬರಬೇಕಾದ್ದು 90,000, ಬಂದಿದ್ದು 82,500, ಬಾಕಿ 7,500 ಮತ್ತು ತಡವಾದ ಬಡ್ಡಿ. ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊ. ಹಾಕಿಕೊಡಲ್ಲ ಅಂದ್ರೆ ರಿಜಿಸ್ಟರ್ಡ್ ಪೋಸ್ಟ್. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಕಾರ್ಮಿಕ ಇಲಾಖೆಯಲ್ಲಿ ಗ್ರಾಚ್ಯುಟಿ ಪ್ರಕರಣ ನೋಡೋ ಅಧಿಕಾರಿಗೆ ಅರ್ಜಿ. ಗಡುವು ಇದೆ, ತಡವಾಗಿದ್ದರೂ ಸರಿಯಾದ ಕಾರಣ ಬರೆದರೆ ತಗೋತಾರೆ.

ಮಂಡ್ಯ_ಮೇಷ್ಟ್ರು · 9:55

ಪೀಣ್ಯದ ಸರ್, ಈ ಲೆಕ್ಕವನ್ನ ಹೆಸರು, ಊರು ತೆಗೆದು ನನ್ನ ತರಗತಿಗೆ ಒಯ್ಯಬಹುದಾ? ಅಪಾಯಿಂಟ್‌ಮೆಂಟ್ ಆರ್ಡರ್, ಇಂಡಕ್ಷನ್, ಉದ್ಯೋಗ ವಿವರಣೆ, ವೇತನ, ಕುಂದುಕೊರತೆ ಎಲ್ಲ ಅಧ್ಯಾಯವೂ ಇದೊಂದರಲ್ಲೇ ಬಂತು. ತಾಯಿಯ ಒಪ್ಪಿಗೆ ಬೇಕು.

ಬೇಗೂರ್_ಬಿಬಿಎ · 10:06

ಕೇಳಿದೆ ಸರ್. "ಹೇಳಿಕೊಡ್ಲಿ, ಆ ಮಕ್ಕಳ ಅಮ್ಮಂದಿರಿಗೂ ಗೊತ್ತಾಗ್ಲಿ" ಅಂದ್ರು. ಅರ್ಜಿ ನಾನೇ ಕನ್ನಡದಲ್ಲಿ ಬರೀತಿದ್ದೀನಿ. ಬುಧವಾರ ಕೊಡೋಕೆ ಹೋಗ್ತೀವಿ.

ಲೈನ್_ಸೂಪರ್‌ವೈಸರ್ · 10:11

ಚೀಟಿ ಮಾಸಿದೆ ಅಂದ್ಯಲ್ಲ, ನಾಳೆನೇ ಜೆರಾಕ್ಸ್ ಮಾಡಿಸಿ ಫೋಟೋನೂ ತೆಗೆದಿಟ್ಕೋ. ಒರಿಜಿನಲ್ ಮಾತ್ರ ಯಾರ ಕೈಗೂ ಕೊಡಬೇಡ. ಬುಧವಾರ ಊಟದ ಬೆಲ್ ಹೊಡೆಯೋಕೆ ಮುಂಚೆ ಹೋಗಿ, ಆಮೇಲೆ ಟೈಮ್ ಆಫೀಸಲ್ಲಿ ಯಾರೂ ಸಿಗಲ್ಲ.